ಗ್ಯಾರೇಜಿನ ಇಲಿ: ಹುನಗುಂದದ ದಾರಿಯಲ್ಲಿ ಕಲಿತ ಪಾಠ

ಧಾರಣೆ ಎಷ್ಟು ಎಂದು ಕೇಳಿಯಾದ ಮೇಲೆ ನಮ್ಮ ಸಂಘದ ಕಚೇರಿಯಲ್ಲಿ ಸದಸ್ಯರು ಕೇಳುವ ಎರಡನೆಯ ಪ್ರಶ್ನೆ ಈಚೆಗೆ ಇಲಿಯದ್ದಾಗಿದೆ. ಜೀಪಿನ ವೈರು ಕಡಿದಿದೆ, ಸ್ಪ್ರೇಯರಿನ ಪೈಪು ತೂತಾಗಿದೆ, ಚಾಲಿ ಅಡಿಕೆ ತುಂಬಿಟ್ಟ ಗೋಣಿಯ ಮೂಲೆ ಹರಿದಿದೆ. ಯಾವ ಪಾಷಾಣ ಇಟ್ಟರೆ ಒಳ್ಳೆಯದು? ಕೇಳುವವರೆಲ್ಲ ಪಾಷಾಣದಿಂದಲೇ ಆರಂಭಿಸುತ್ತಾರೆ. ನಾವೂ ಹಾಗೆಯೇ ಆರಂಭಿಸಿದವರು. ಅದು ತಲೆಕೆಳಗಾದ ಕ್ರಮವೆಂದು ನಮಗೆ ಮನದಟ್ಟಾದದ್ದು ಮನೆಯಲ್ಲಿ ಕುಳಿತಲ್ಲ, ಜೋಳ ಕಡಲೆ ಬೆಳೆಯುವ ಹುನಗುಂದ, ಇಳಕಲ್ಲಿನ ಕಡೆಗೆ ಹೋದಾಗ. ಆದ್ದರಿಂದ ಮೊದಲು ಆ ಪ್ರಯಾಣದ ವಿಚಾರವನ್ನು ಹೇಳಿ, ಬಳಿಕ ಮಾಡಬೇಕಾದ ಕೆಲಸಕ್ಕೆ ಬರುತ್ತೇವೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಗ್ಯಾರೇಜು ಹೆಸರಿಗೆ ಮಾತ್ರ ವಾಹನದ ಮನೆ. ಜೀಪು ನಿಲ್ಲುವಷ್ಟು ಜಾಗ ಬಿಟ್ಟು ಉಳಿದುದೆಲ್ಲ ಉಗ್ರಾಣವೇ. ನಮ್ಮದರಲ್ಲಿ ಆಗ ಇದ್ದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಗೋಡೆಗೆ ಒತ್ತಿ ಪೇರಿಸಿದ ಚಾಲಿ ಅಡಿಕೆಯ ಚೀಲಗಳು, ಚೆರ್ರಿ ಕಾಫಿಯ ಎಂಟು ಮೂಟೆ, ದನಗಳ ಹಿಂಡಿ, ಕೋಳಿಗೆ ಹಾಕುವ ನುಚ್ಚು, ಹಳೆಯ ಗೋಣಿತಾಟುಗಳ ಕಟ್ಟು, ಅಡಿಕೆ ಹಾಳೆ, ಒಡೆದ ಟಯರು, ಮೂರು ವರ್ಷದಿಂದ ಯಾರೂ ಮುಟ್ಟದ ಒಂದು ಮಂಚ. ಇಲಿಯ ಕಣ್ಣಿನಿಂದ ನೋಡಿದರೆ ಇದು ಊಟ ವಸತಿಗಳೆರಡೂ ಸಿಗುವ ಛತ್ರ. ನಡುವೆ ನಿಂತ ಜೀಪಿನ ಬಾನೆಟ್ಟಿನ ಕೆಳಗೆ, ಮಳೆಗಾಲದ ರಾತ್ರಿಯಲ್ಲೂ ಬೆಚ್ಚಗಿರುವ, ಬೆಕ್ಕಿಗೆ ನಿಲುಕದ ಮಲಗುವ ಕೋಣೆ.

ಕಳೆದ ಚಳಿಗಾಲ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಮೇಳವನ್ನು ನೋಡಿ ಬರೋಣವೆಂದು ಇದೇ ಜೀಪಿನಲ್ಲಿ ಹೊರಟೆವು. 2008ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯವನ್ನು ನಮ್ಮಂಥ ತೋಟದವರು ಒಮ್ಮೆಯಾದರೂ ನೋಡಿರಬೇಕು. ಇಳಕಲ್ ಸೀರೆಯ ನೆಪದಲ್ಲಿ ನಮ್ಮ ಮನೆಯವರೂ ಜೊತೆಗೆ ಬಂದರು. ಹುಬ್ಬಳ್ಳಿ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ತಿರುಗಿ ಬಾದಾಮಿ ನೋಡಿದೆವು. ಒಂದನೆಯ ಗುಹೆಯಲ್ಲಿ ಹದಿನೆಂಟು ಕೈಗಳ ಶಿವ ಕುಣಿಯುತ್ತಿದ್ದಾನೆ, ಪಕ್ಕದಲ್ಲಿ ಪುಟ್ಟ ಗಣಪತಿ. ಇಲಿ ಎಲ್ಲಿದೆಯೆಂದು ಎಷ್ಟು ಹುಡುಕಿದರೂ ನಮಗೆ ಕಾಣಲಿಲ್ಲ. ಅದು ಕೆಳಗೆ ನಿಲ್ಲಿಸಿದ್ದ ನಮ್ಮ ವಾಹನದಲ್ಲೇ ಇತ್ತೆಂಬುದು ತಿಳಿಯಲು ಇನ್ನೆರಡು ದಿನ ಬೇಕಾಯಿತು.

ಮೇಳ ಮುಗಿಸಿ ಬಾಗಲಕೋಟೆಯಿಂದ ಸಂಜೆ ಹುನಗುಂದದ ಕಡೆ ಹೊರಟೆವು. ಅಮೀನಗಡದಲ್ಲಿ ಕರದಂಟು ಕೊಂಡೆವು. ಅಲ್ಲಿಂದ ಕೆಲವೇ ಮೈಲಿ ಮುಂದೆ ಜೀಪಿನ ಎರಡೂ ದೀಪ ಒಮ್ಮೆಗೇ ಆರಿದವು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಬರುತ್ತಿದ್ದ ರಸ್ತೆ. ಎರಿ ಹೊಲದ ಕತ್ತಲೆಯೋ ಹೇಳತೀರದು. ಬ್ರೇಕು ಒತ್ತಿ ಪಕ್ಕಕ್ಕೆಳೆದು ನಿಲ್ಲಿಸುವಷ್ಟರಲ್ಲಿ ಹಿಂದಿನ ಲಾರಿ ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ಆ ಕ್ಷಣವನ್ನು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ. ಇಲಿಯೆಂದರೆ ಎರಡು ಸೇರು ಕಾಳಿನ ನಷ್ಟವೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು.

ಬೇರೊಂದು ವಾಹನದ ಬೆಳಕನ್ನು ಹಿಂಬಾಲಿಸಿ ಹುನಗುಂದ ಸೇರಿ ಪರಿಚಯದವರ ಮನೆಯಲ್ಲಿ ತಂಗಿದೆವು. ಬೆಳಿಗ್ಗೆ ನೋಡಿದರೆ ಜೀಪಿನಲ್ಲೇ ಮರೆತಿದ್ದ ಕರದಂಟಿನ ಪೊಟ್ಟಣಕ್ಕೆ ರೂಪಾಯಿ ಅಗಲದ ತೂತು. ಇಳಕಲ್ಲಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಬಾನೆಟ್ ತೆಗೆದು ಬ್ಯಾಟರಿಯ ಹಿಂದಿನಿಂದ ಒಂದು ಗೂಡನ್ನು ಎಳೆದು ನಮ್ಮ ಮುಂದೆ ಹರವಿದ. ಗೋಣಿ ನಾರು, ಅಡಿಕೆ ಸಿಪ್ಪೆ, ನಾಲ್ಕಾರು ಕಾಫಿ ಬೀಜ. "ಸಾಹೇಬ್ರ, ಇದು ನಮ್ಮ ಕಡೀ ಇಲಿ ಅಲ್ರೀ. ನಮ್ಮದಾಗಿದ್ರ ಗೂಡಿನಾಗ ಜ್ವಾಳದ ರವದಿ, ಹತ್ತಿ ಇರತಿತ್ರಿ. ಇದನ್ನ ನೀವ ಊರಿಂದ ಕರಕೊಂಡ ಬಂದೀರಿ" ಎಂದು ನಕ್ಕ. ಹನ್ನೊಂದು ಕಡೆ ವೈರು ಜೋಡಿಸಿದ. ಸುಲಿದ ತಂತಿ ಪೆಟ್ರೋಲಿನ ಪೈಪಿನ ಮಗ್ಗುಲಲ್ಲೇ ಇದ್ದುದನ್ನು ತೋರಿಸಿದಾಗ ಮಾತ್ರ ಅವನ ನಗೆ ನಿಂತಿತ್ತು.

ಇಲಿ ವೈರು ಕಡಿಯುವುದು ಹೊಟ್ಟೆಗಲ್ಲ. ಅದರ ಮುಂದಿನ ಬಾಚಿ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ; ಸವೆಸದಿದ್ದರೆ ಬಾಯಿ ಮುಚ್ಚಲಾಗದು. ಆದ್ದರಿಂದ ಸಿಕ್ಕಿದ್ದನ್ನು ಕಡಿಯುತ್ತದೆ, ಮೆದುವಾದ ವೈರಿನ ಹೊದಿಕೆ ಅದಕ್ಕೆ ಅನುಕೂಲ.

ಹುನಗುಂದದಲ್ಲಿ ನಾವು ತಂಗಿದ್ದ ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ರಾತ್ರಿ ನಮ್ಮ ಕಥೆಯನ್ನೆಲ್ಲ ಕೇಳಿ, ಯಾವ ಪಾಷಾಣ ಹಾಕಿದೆ ಎಂದು ಅವರು ಕೇಳಲೇ ಇಲ್ಲ. "ತಮ್ಮಾ, ಕೊಲ್ಲೂದು ಆಮ್ಯಾಲಿನ ಮಾತು. ಅದು ಬರೂ ಬಾಗ್ಲಾ ಯಾವುದು, ಅದನ್ನ ಮದ್ಲ ನೋಡೀಯೇನು?" ಎಂದರು. ಬೆಳಿಗ್ಗೆ ಹಿತ್ತಿಲಿಗೆ ಕರೆದೊಯ್ದು ಒಂದು ಚಪ್ಪಡಿ ಕಲ್ಲನ್ನು ತೋರಿಸಿದರು. ಅದು ಹಗೇವಿನ ಬಾಯಿ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಸುತ್ತ ರವದಿ ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣಿನಿಂದ ಮೆತ್ತಿಬಿಡುತ್ತಿದ್ದ ಉಗ್ರಾಣ. ಕಾಳು ಒಳಗಿನ ಆಮ್ಲಜನಕವನ್ನು ತಾನೇ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಆ ಗಾಳಿಯಲ್ಲಿ ಹುಳವೂ ಬದುಕದು, ಇಲಿಯೂ ಬದುಕದು. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಬದುಕುವುದಿಲ್ಲವೆಂದು, ಮೊದಲು ದೀಪ ಇಳಿಬಿಟ್ಟು ಅದು ಉರಿಯುವುದನ್ನು ನೋಡಿಯೇ ಇಳಿಯುತ್ತಿದ್ದರಂತೆ. ಈಗ ಅವರ ಮನೆಯದು ಖಾಲಿ. ಕಾಳು ಮಾರುಕಟ್ಟೆಗೆ ಹೋಗುತ್ತದೆ, ಚಪ್ಪಡಿಯ ಮೇಲೆ ಬಟ್ಟೆ ಒಗೆಯುತ್ತಾರೆ. ಆದರೆ ಪಾಷಾಣವೇ ಇಲ್ಲದೆ ವರ್ಷಗಟ್ಟಲೆ ಕಾಳು ಕಾಯ್ದ ಆ ಉಪಾಯ ಒಂದೇ: ಬಾಯಿ ಒಂದೇ ಇರಲಿ, ಅದು ಭದ್ರವಾಗಿ ಮುಚ್ಚಿರಲಿ.

ಇಳಕಲ್ಲಿನಲ್ಲಿ ಸೀರೆಗೆಂದು ಹೋದ ನೇಕಾರರ ಮನೆಯಲ್ಲಿ ಇನ್ನೊಂದು ಪಾಠ. ಅಲ್ಲಿಯದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಾರೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವುದರಿಂದ ಒಂದೊಂದು ಸೀರೆಗೂ ಬೇರೆ ಹಾಸೇ ಬೇಕು. ನೂಲಿಗೆ ಗಂಜಿ ಹಾಕಿರುತ್ತಾರೆ, ಇಲಿಗೆ ಅದರ ಆಸೆ. ಒಂದು ರಾತ್ರಿ ಬಂದು ಹೋದರೆ ಇಡೀ ಸೀರೆಯ ದುಡಿಮೆ ಹೋಯಿತು. ಆ ಮನೆಯ ಗೃಹಿಣಿ ಹೇಳಿದ್ದು: "ದಿನಾ ಸಂಜೀಕ ಕುಣೀ ಸುತ್ತ ಬೂದಿ ಚೆಲ್ಲತೀವ್ರಿ, ಮುಂಜಾನೆದ್ದು ಹೆಜ್ಜಿ ನೋಡತೀವಿ. ಹೆಜ್ಜಿ ಎಲ್ಲಿಂದ ಬಂದಾವ ಅಲ್ಲೇ ತೂತು." ಪುಸ್ತಕಗಳಲ್ಲಿ ಇದನ್ನೇ ಹೆಜ್ಜೆ ಪರೀಕ್ಷೆ ಎಂದು ಬರೆದಿರುವುದನ್ನು ಪದವಿಯ ದಿನಗಳಲ್ಲಿ ಓದಿದ್ದೆವು. ಓದಿ ಮೂವತ್ತು ವರ್ಷವಾದರೂ ಒಮ್ಮೆಯೂ ಮಾಡಿರಲಿಲ್ಲ.

ಮನೆಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸ ಅದೇ. ರಂಗೋಲಿ ಪುಡಿಯನ್ನು ಗ್ಯಾರೇಜಿನ ಗೋಡೆಗುಂಟ ತೆಳ್ಳಗೆ ಉದುರಿಸಿ ಬೆಳಿಗ್ಗೆ ಟಾರ್ಚು ಹಿಡಿದು ನೋಡಿದೆವು. ಮೂರು ದಾರಿ ಸಿಕ್ಕವು. ಒಂದು ಷಟರಿನ ಕೆಳಗೆ, ಬಲತುದಿಯಲ್ಲಿ ಸಿಮೆಂಟು ಸವೆದ ಜಾಗ. ಇನ್ನೊಂದು ನೀರಿನ ಪೈಪು ಗೋಡೆ ತೂರಿ ಬರುವ ಕಡೆ. ಮೂರನೆಯದು ನೆಲದ್ದೇ ಅಲ್ಲ. ಗೋಡೆಯ ತಲೆಗೂ ಮಂಗಳೂರು ಹೆಂಚಿಗೂ ನಡುವಿನ ಸಂದಿನಿಂದ ಇಳಿದ ಹೆಜ್ಜೆಗಳು ಮಂಚದ ಮೇಲೆ ಮೂಡಿದ್ದವು. ಗ್ಯಾರೇಜಿನ ಮೇಲೆ ಬಾಗಿದ್ದ ಹಲಸಿನ ಕೊಂಬೆಯೇ ಅವುಗಳ ಸೇತುವೆ.

ಇಲ್ಲಿ ಯಾವ ಇಲಿ ಎಂಬುದನ್ನು ತಿಳಿದಿರಬೇಕು. ಮೈಗಿಂತ ಬಾಲ ಉದ್ದವಿರುವ, ಕಿವಿ ದೊಡ್ಡದಾದ ಮನೆ ಇಲಿ ಹತ್ತುವುದರಲ್ಲಿ ನಿಸ್ಸೀಮ. ತೋಟದಲ್ಲಿ ತೆಂಗು, ಏಲಕ್ಕಿ ಹಾಳುಮಾಡುವುದೂ ಇದರ ಬಳಗವೇ. ಹೆಗ್ಗಣ ದಪ್ಪ ಮೈಯದು, ಬಾಲ ಗಿಡ್ಡ. ಹತ್ತುವುದಕ್ಕಿಂತ ಬಗೆಯುವುದು ಹೆಚ್ಚು. ಗ್ಯಾರೇಜಿನ ಪಂಚಾಂಗದ ಬಳಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಅದರದೇ ಕೆಲಸ. ಹೆಬ್ಬೆರಳಿನಷ್ಟಿರುವ ಚಿಕ್ಕ ಇಲಿ ಪೆನ್ಸಿಲು ತೂರುವ ಸಂದಿದ್ದರೆ ನುಗ್ಗುತ್ತದೆ. ಇನ್ನು ಉದ್ದ ಮೂತಿಯ, ಚಿಕ್ ಚಿಕ್ ಎಂದು ಗೋಡೆಗುಂಟ ಓಡುವ, ಗಬ್ಬು ವಾಸನೆಯ ಮೂಗಿಲಿಯೊಂದಿದೆ. ಅದು ಇಲಿಯ ಜಾತಿಯೇ ಅಲ್ಲ. ಹುಳ ಜಿರಳೆಗಳನ್ನು ತಿನ್ನುತ್ತದೆ. ಬೋನಿಗೆ ಬಿದ್ದರೆ ಬಿಟ್ಟುಬಿಡಿ.

ಸಂದು ಮುಚ್ಚುವುದಕ್ಕೆ ಅಳತೆ ಹೀಗಿದೆ. ಚಿಕ್ಕ ಇಲಿಗೆ 6 ಮಿಲಿಮೀಟರು, ದೊಡ್ಡದಕ್ಕೆ 12 ಮಿಲಿಮೀಟರು ಸಂದು ಸಾಕು. ತಲೆ ತೂರಿದರೆ ಮೈ ತೂರಿದಂತೆಯೇ. ಹಗಲು ಗ್ಯಾರೇಜಿನೊಳಗೆ ನಿಂತು ಬಾಗಿಲು ಮುಚ್ಚಿಸಿ, ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹೆಂಚಿನ ಸಂದಿಗೆ 6 ಮಿಲಿಮೀಟರು ಕಣ್ಣಿನ ಕಬ್ಬಿಣದ ಜಾಲರಿ, ಪೈಪಿನ ಸುತ್ತ ಗಾಜಿನ ಚೂರು ಬೆರೆಸಿದ ಸಿಮೆಂಟು, ಮರದ ಬಾಗಿಲಾದರೆ ಕೆಳಗಿನ ಒಂದಡಿಗೆ ತಗಡು. ಬಟ್ಟೆ ತುರುಕುವುದು, ಥರ್ಮೊಕೋಲು ಇಡುವುದು, ಈಗ ಡಬ್ಬಿಯಲ್ಲಿ ಸಿಗುವ ನೊರೆಯನ್ನು ಊದುವುದು, ಇವೆಲ್ಲ ಒಂದು ರಾತ್ರಿಯ ಕೆಲಸ, ಅದೂ ಇಲಿಗೆ. ಮಾಡಿನಿಂದ ಮರದ ಕೊಂಬೆಗೆ, ಮೆಣಸಿನ ಬಳ್ಳಿಗೆ ಕನಿಷ್ಠ ಒಂದು ಮೀಟರು ಅಂತರವಿರಲಿ. ಹಲಸಿನ ಆ ಕೊಂಬೆ ಕಡಿಯಲು ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು, ಅದರಲ್ಲಿ ಒಳ್ಳೆಯ ತೊಳೆ ಬಿಡುತ್ತಿತ್ತು.

ಆದರೆ ಎಲ್ಲ ತೂತುಗಳನ್ನೂ ಮೊದಲ ದಿನವೇ ಮುಚ್ಚಬೇಡಿ. ಒಳಗಿದ್ದವು ಒಳಗೇ ಉಳಿದು, ಸತ್ತರೆ ನಾತ, ಬದುಕಿದರೆ ಬಾಗಿಲನ್ನೇ ಕಡಿಯುತ್ತವೆ. ಒಂದನ್ನು ಬಿಟ್ಟು ಉಳಿದುದನ್ನು ಮುಚ್ಚಿ, ಒಳಗಿನವನ್ನು ಹಿಡಿದು, ರಂಗೋಲಿ ಪುಡಿಯ ಮೇಲೆ ಹೆಜ್ಜೆ ಮೂಡದ ಮೇಲೆ ಕೊನೆಯದನ್ನು ಮುಚ್ಚಬೇಕು.

ಇದರ ಜೊತೆಯಲ್ಲೇ ಊಟವನ್ನೂ ನಿಲ್ಲಿಸಬೇಕು. ಹಿಂಡಿ, ನುಚ್ಚುಗಳು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹೋದವು. ಚೀಲಗಳನ್ನು ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ ಸರಿಸಿದೆವು. ಇಲಿ ಬಯಲಲ್ಲಿ ಓಡಲು ಹೆದರುತ್ತದೆ, ಗೋಡೆಗೆ ಮೈ ಸವರಿಕೊಂಡೇ ಸಾಗುತ್ತದೆ. ಗೋಡೆಯ ಬುಡದ ನೆಲಕ್ಕೆ ಒಂದು ಗೇಣಗಲ ಸುಣ್ಣ ಹೊಡೆದರೆ ಹಿಕ್ಕೆ ದೂರದಿಂದಲೇ ಕಾಣುತ್ತದೆ; ಹಳೆಯ ಗೋದಾಮುಗಳಲ್ಲಿ ಈ ರೂಢಿಯಿತ್ತು. ಕಾಫಿಯ ವಿಚಾರದಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ಇಲಿ ತಿನ್ನುವ ಬೀಜ ಸ್ವಲ್ಪ, ಕೆಡಿಸುವುದು ಬಹಳ. ಒಣಗಿದ ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಮೂತ್ರ ತಾಗಿದ ಒಂದು ಮೂಟೆಯಿಂದ ಇಡೀ ಲಾಟಿನ ಬೆಲೆ ಬೀಳಬಹುದು. ನಮ್ಮ ಗ್ಯಾರೇಜಿನಲ್ಲಿ ಈಗ ಕಾಫಿ ಇಡುವುದಿಲ್ಲ.

ಹಿಡಿಯುವ ವಿಚಾರ. ಒಂದು ಬೋನು ತಂದು, ಎರಡು ರಾತ್ರಿ ಇಟ್ಟು, ಬೀಳಲಿಲ್ಲವೆಂದು ಅಟ್ಟಕ್ಕೆಸೆದವರೇ ನಮ್ಮಲ್ಲಿ ಹೆಚ್ಚು. ದೊಡ್ಡ ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಕೆಲವು ದಿನ ಹತ್ತಿರ ಸುಳಿಯುವುದೇ ಇಲ್ಲ. ಆದ್ದರಿಂದ ಬೋನಿನಲ್ಲಿ ತಿಂಡಿ ಕಟ್ಟಿ, ಬಾಗಿಲು ಬೀಳದಂತೆ ತಂತಿಯಿಂದ ಕಟ್ಟಿಟ್ಟು ಮೂರು ರಾತ್ರಿ ಪುಕ್ಕಟೆ ಊಟ ಹಾಕಬೇಕು. ನಾಲ್ಕನೆಯ ರಾತ್ರಿ ಎಲ್ಲ ಬೋನುಗಳನ್ನೂ ಒಟ್ಟಿಗೆ ಹೂಡಬೇಕು. ಒಂದಲ್ಲ, ಎಂಟು ಹತ್ತು ಬೇಕು. ಗೋಡೆಗೆ ತಾಗಿಸಿ, ಹೆಜ್ಜೆ ಕಂಡ ದಾರಿಯಲ್ಲೇ ಇಡಬೇಕು. ಸುಟ್ಟ ಕೊಬ್ಬರಿ, ಒಣಮೀನು, ನೆಲಗಡಲೆ ಯಾವುದಾದರೂ ಆದೀತು. ನಾವು ಅಮೀನಗಡದ ಕರದಂಟಿನ ಉಳಿದ ತುಂಡುಗಳನ್ನೇ ಕಟ್ಟಿದೆವು, ಅದರ ರುಚಿಗೆ ಈಗಾಗಲೇ ಸಾಕ್ಷಿ ಸಿಕ್ಕಿತ್ತಲ್ಲ. ಮೊದಲ ರಾತ್ರಿ ಏಳು, ಮರುದಿನ ನಾಲ್ಕು, ಆಮೇಲೆ ಎರಡು, ಒಂದು. ಒಂಬತ್ತನೆಯ ರಾತ್ರಿಯ ಹೊತ್ತಿಗೆ ಹದಿನೇಳು. ಹೆಣ್ಣಿಲಿ ಮೂರು ವಾರದಲ್ಲಿ ಐದಾರು, ಕೆಲವೊಮ್ಮೆ ಎಂಟು ಮರಿ ಹಾಕುತ್ತದೆ. ಆ ಮರಿಗಳು ಮೂರು ತಿಂಗಳೊಳಗೆ ತಾವೇ ಮರಿ ಹಾಕಲು ಸಿದ್ಧ. ಹೀಗಿರುವಾಗ ವಾರಕ್ಕೊಂದರಂತೆ ಹಿಡಿಯುವುದು ಸೋರುವ ದೋಣಿಯಿಂದ ಚಮಚದಲ್ಲಿ ನೀರು ಮೊಗೆದಂತೆ. ಹಿಡಿದದ್ದನ್ನು ಪಕ್ಕದವರ ತೋಟದಲ್ಲಿ ಬಿಟ್ಟು ಬರುವ ದಯೆಯನ್ನು ಯಾರೂ ತೋರಬೇಕಾಗಿಲ್ಲ. ಅಂಟಿನ ಹಲಗೆಯನ್ನು ನಾವು ಸಲಹೆ ಮಾಡುವುದಿಲ್ಲ. ಅದರಲ್ಲಿ ಅಂಟಿದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ ಹಕ್ಕಿಗಳೂ ಅಂಟುತ್ತವೆ.

ವಾಹನಕ್ಕೆ ಬೇರೆ ಮಂತ್ರವಿಲ್ಲ. ನಿಲ್ಲಿಸಿದ ರಾತ್ರಿ ಬಾನೆಟ್ ಎತ್ತಿಡುವುದು ಒಳ್ಳೆಯದು, ಕತ್ತಲೆಯ ಗೂಡು ಬಯಲಾದರೆ ಇಲಿಗೆ ಒಗ್ಗುವುದಿಲ್ಲ. ವಾರಕ್ಕೊಮ್ಮೆ ಬ್ಯಾಟರಿಯ ಹಿಂದೆ, ಏರ್ ಫಿಲ್ಟರಿನ ಡಬ್ಬಿಯೊಳಗೆ ನೋಡಿ. ಕಳೆ ಕೊಚ್ಚುವ ಯಂತ್ರದ ಪೆಟ್ರೋಲು ಪೈಪನ್ನೂ ಚಾಲೂ ಮಾಡುವ ಮೊದಲು ನೋಡಿ. ಹೊಗೆಸೊಪ್ಪು, ನುಸಿಗುಳಿಗೆಗಳ ವಾಸನೆ ನಾಲ್ಕು ದಿನಕ್ಕೆ ಹಳತಾಗುತ್ತದೆ. ಕಿವಿಗೆ ಕೇಳದ ಸದ್ದು ಮಾಡುವ ಯಂತ್ರಕ್ಕೂ ಇಲಿ ಬೇಗ ಒಗ್ಗಿಕೊಳ್ಳುತ್ತದೆ.

ಈಗ ಪಾಷಾಣ. ಎರಡು ವರ್ಷದ ಹಿಂದೆ ನಾವು ಇದೇ ಗ್ಯಾರೇಜಿನಲ್ಲಿ ಪಾಷಾಣದ ಬಿಲ್ಲೆಗಳನ್ನಿಟ್ಟಿದ್ದೆವು. ಇಲಿ ಒಂದನ್ನು ಎಳೆದುಕೊಂಡು ಹೋಗಿ ಬಾಗಿಲ ಹೊರಗೆ ಬಿಟ್ಟಿತ್ತು. ತೋಟದ ಕೆಲಸಕ್ಕೆ ಬರುವ ಹೆಂಗಸಿನ ನಾಲ್ಕು ವರ್ಷದ ಮಗು ಅದನ್ನು ಬಿಸ್ಕತ್ತೆಂದು ಎತ್ತಿ ಬಾಯಿಯ ಹತ್ತಿರ ತಂದಿತ್ತು. ತಾಯಿ ಕಂಡು ಕೈಗೆ ಹೊಡೆದು ಬೀಳಿಸಿದಳು. ಮಗು ಪೆಟ್ಟಿಗೆ ಅತ್ತಿತು, ನಮಗೆ ಅದೇ ಸಮಾಧಾನ. ಆಕೆ ನಮ್ಮನ್ನು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತು. ಅದೇ ವಾರ ನಮ್ಮ ಬೆಕ್ಕು ಸತ್ತಿತು. ಬೆಕ್ಕು ಹೋದ ಮೇಲೆ ಇಲಿಗಳು ಮೊದಲಿಗಿಂತ ಹೆಚ್ಚಾದವು.

ಸತುವಿನ ಫಾಸ್ಫೈಡು ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫೀನೆಂಬ ವಿಷಾನಿಲ ಬಿಡುತ್ತದೆ. ಹಳದಿ ರಂಜಕದ ಪೇಸ್ಟು ಯಕೃತ್ತನ್ನೇ ಹಾಳುಮಾಡುತ್ತದೆ. ತಿಂದ ಮೊದಲ ದಿನ ಮನುಷ್ಯ ಚೆನ್ನಾಗಿಯೇ ಕಾಣುವುದರಿಂದ ಆಸ್ಪತ್ರೆಗೆ ಒಯ್ಯುವುದೂ ತಡವಾಗುತ್ತದೆ. ಈ ಎರಡಕ್ಕೂ ಮಾರುಮದ್ದಿಲ್ಲ. ದಾಸ್ತಾನಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡು ಮಾತ್ರೆಯನ್ನು ಮನೆಗೆ ತಾಗಿದ ಗ್ಯಾರೇಜಿನಲ್ಲಿ ಎಂದಿಗೂ ಬಳಸಬಾರದು. ಅದರ ಅನಿಲ ಗೋಡೆಯ ಸಂದಿನಿಂದ ಮಲಗುವ ಕೋಣೆಗೆ ಬರುತ್ತದೆ. ಎಲ್ಲ ಮಾಡಿಯೂ ಹೆಗ್ಗಣ ಹೊರಗಿನ ಬಿಲಗಳಲ್ಲಿ ಉಳಿದಿದ್ದರೆ ಬ್ರೋಮಾಡಿಯೋಲೋನ್ ಶೇ. 0.005ರ ಸಿದ್ಧ ತುಂಡುಗಳನ್ನು ಬಿಲದ ಆಳದಲ್ಲಿಟ್ಟು ಮಣ್ಣು ಮುಚ್ಚಬಹುದು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುತ್ತದೆ. ಇದಕ್ಕೆ ವಿಟಮಿನ್ ಕೆ-1 ಎಂಬ ಮಾರುಮದ್ದಿದೆ. ಯಾರಾದರೂ ಯಾವುದನ್ನೇ ತಿಂದರೂ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯುವುದುಂಟು. ಗೂಬೆಯೂ ಕೇರೆಹಾವೂ ಸಂಬಳವಿಲ್ಲದೆ ದುಡಿಯುವ ಆಳುಗಳು. ಕೇರೆ ಕಂಡಲ್ಲಿ ದೊಣ್ಣೆ ಎತ್ತುವ ಅಭ್ಯಾಸವನ್ನು ನಮ್ಮವರು ಇನ್ನೂ ಬಿಟ್ಟಿಲ್ಲ.

ಗುಡಿಸುವ ಮುನ್ನವೂ ಎಚ್ಚರ ಬೇಕು. ಹುನಗುಂದದ ಆ ಹಿರಿಯರು ತಮ್ಮ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಾಲದ ಮಾತನ್ನು ನೆನಪಿಸಿದರು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತ್ತು. ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗುತ್ತಿದ್ದರು. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯರನ್ನು ಹುಡುಕುತ್ತದೆಂಬುದು ವಿಜ್ಞಾನಕ್ಕೆ ಮನದಟ್ಟಾಗುವ ಮೊದಲೇ ಜನ ಕಂಡುಕೊಂಡ ಎಚ್ಚರವಿದು. ಇಂದು ನಮ್ಮ ಮಳೆಯ ನಾಡಿನಲ್ಲಿ ಹೆದರಬೇಕಾದದ್ದು ಇಲಿ ಜ್ವರಕ್ಕೆ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೆ ಸಾಕು. ಜ್ವರ, ಮೀನಖಂಡದಲ್ಲಿ ಅಸಾಧ್ಯ ನೋವು, ಕೆಂಪು ಕಣ್ಣು, ಮುಂದೆ ಕಾಮಾಲೆ. ಮೊದಲ ದಿನಗಳಲ್ಲೇ ವೈದ್ಯರಿಗೆ ತೋರಿಸಿದರೆ ಸಾಮಾನ್ಯ ಔಷಧಿಯಲ್ಲೇ ಗುಣವಾಗುತ್ತದೆ, ತಡಮಾಡಿದರೆ ಮೂತ್ರಪಿಂಡ ಸೋಲುತ್ತದೆ. ವೈದ್ಯರಿಗೆ ಇಲಿಯಿದ್ದ ಗ್ಯಾರೇಜು ಗುಡಿಸಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹಿಕ್ಕೆಯನ್ನು ಒಣಗಿರುವಾಗ ಗುಡಿಸಬಾರದು. ಬಾಗಿಲು ತೆರೆದು ಗಾಳಿಯಾಡಿಸಿ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಗಮ್‌ಬೂಟು, ಕೈಗವಸು ಹಾಕಿ ಒರೆಸಬೇಕು. ಆಳಿಗೆ ಹೇಳಿ ನಾವು ಒಳಗೆ ಹೋಗುವುದಲ್ಲ, ಬೂಟನ್ನು ನಾವೇ ಕೊಡಿಸಬೇಕು.

ನಮ್ಮ ಗ್ಯಾರೇಜಿನ ರಂಗೋಲಿ ಪುಡಿಯ ಮೇಲೆ ನಾಲ್ಕು ತಿಂಗಳಿಂದ ಹೆಜ್ಜೆ ಮೂಡಿಲ್ಲ. ಮೊನ್ನೆ ಮಾತ್ರ ಒಂದು ಸಾಲು ಕಂಡಿತು. ಷಟರಿಗೆ ಹೊಡೆದಿದ್ದ ತಗಡಿನ ಒಂದು ಮೊಳೆ ಸಡಿಲವಾಗಿತ್ತು.

ಸಂಘದ ಕಚೇರಿಯಲ್ಲಿ ಹನ್ನೆರಡು ತಂತಿ ಬೋನುಗಳನ್ನು ತಂದಿಡಲಾಗಿದೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಹಾಕಿ ಹತ್ತು ದಿನಗಳ ಮಟ್ಟಿಗೆ ಒಯ್ಯಬಹುದು, ಬಾಡಿಗೆಯಿಲ್ಲ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಹಿಂದಿರುಗಿಸಬೇಕು. ಕಳೆದ ತಿಂಗಳು ಒಯ್ದವರಲ್ಲಿ ಇಬ್ಬರಿಂದ ಮೂರು ಬೋನು ಬರಬೇಕಾಗಿದೆ.